ಕಾಡುಸೊಪ್ಪು ಗುರುತಿಸುವುದನ್ನು ಕಲಿಯಲು ಯಾವ ಆ್ಯಪ್ ಒಳ್ಳೆಯದು? ಯಾವ ಕಾಡಿನಿಂದ ಶುರು ಮಾಡಲಿ?

ನಿಮ್ಮ ಹಾಗೆಯೇ ನಾನೂ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ, ಮಳೆಗಾಲ ಬಂದರೆ ಮಲೆನಾಡಿಗೆ ಟ್ರೆಕ್ಕಿಂಗ್ ಹೋಗುತ್ತಾ, ಫೋನಿನಲ್ಲಿ ಆ್ಯಪ್ ಇಟ್ಟುಕೊಂಡು ಈ ದಾರಿಗೆ ಬಿದ್ದವನು. ಅದರಿಂದ ಒಬ್ಬ ಹಿರಿಯರು ಆಸ್ಪತ್ರೆ ಸೇರಿದರು. ಆ್ಯಪ್ ವಿಷಯ ಆಮೇಲೆ. ಮೊದಲು ಇದನ್ನು ಓದಿ.

ಗೆಳೆಯನ ಮನೆ ಹೊಸನಗರದ ಕಡೆ. ಆಷಾಢದ ಮಳೆ ಹಿಡಿದಿತ್ತು. ತೋಟದ ಕೆಳಗೆ ಹಳ್ಳದ ಅಂಚಿನಲ್ಲಿ ಕೆಸು ಸೊಂಪಾಗಿ ಬೆಳೆದಿತ್ತು. ಫೋಟೊ ಹೊಡೆದೆ. ಆ್ಯಪ್ ಕೆಸು ಎಂದಿತು. ಅನುಮಾನಕ್ಕೆ ಇನ್ನೊಂದು ಆ್ಯಪ್‌ನಲ್ಲೂ ನೋಡಿದೆ, ಅದೂ ಅದನ್ನೇ ಹೇಳಿತು. ಹೆಸರು ಸರಿಯಾಗಿಯೇ ಇತ್ತು. ದಯವಿಟ್ಟು ಇದನ್ನು ಗಮನಿಸಿ, ಯಾಕೆಂದರೆ ಎಲ್ಲರೂ ನಾನು ಗಿಡ ತಪ್ಪು ಗುರುತಿಸಿದೆ ಎಂದೇ ತಿಳಿಯುತ್ತಾರೆ. ಗೆಳೆಯನ ತಾಯಿ ಪೇಟೆಗೆ ಹೋಗಿದ್ದರು. ಅಡುಗೆ ನಾನೇ ಮಾಡುತ್ತೇನೆ ಎಂದೆ. ಅಗಲವಾದ ಬಲಿತ ಎಲೆಗಳನ್ನು ಕೊಯ್ದು ತಂದು, ಪಾಲಕ್ ಹೆಚ್ಚುವ ಹಾಗೆ ಹೆಚ್ಚಿ, ಬೆಂದ ಬೇಳೆಗೆ ಹಾಕಿ ಒಂದೆರಡು ಕುದಿ ಬರಿಸಿ ಇಳಿಸಿದೆ.

ಮೊದಲು ಊಟಕ್ಕೆ ಕೂತವರು ಗೆಳೆಯನ ತಂದೆ. ಹುರುಪಿನಿಂದ ಎರಡನೇ ಸಲವೂ ಹಾಕಿಸಿಕೊಂಡರು. ಸ್ವಲ್ಪ ಹೊತ್ತಿಗೆ ನಾಲಿಗೆಯೆಲ್ಲ ಚುಚ್ಚಿದ ಹಾಗಾಗುತ್ತಿದೆ ಎಂದರು. ಆಮೇಲೆ ಗಂಟಲು ಕೆರೆತ, ತುಟಿ ಊತ. ಎಂಜಲು ನುಂಗಲೂ ಆಗಲಿಲ್ಲ. ಮಾತು ನಿಂತುಹೋಯಿತು. ಆ ಮಳೆಯಲ್ಲಿ ಜೀಪು ಹೊಂದಿಸಿ ಆಸ್ಪತ್ರೆಗೆ ಕರೆದೊಯ್ದೆವು. ಊತ ಉಸಿರಿನ ದಾರಿಗೆ ಬಂದರೆ ಕಷ್ಟ ಎಂದು ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡರು. ಬೆಳಗಿನ ಹೊತ್ತಿಗೆ ಇಳಿಯಿತು.

ಆಗಿದ್ದೇನು ಅಂದರೆ, ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು, ಎರಡೂ ತುದಿ ಚೂಪು, ಕಟ್ಟುಕಟ್ಟಾಗಿ ಇರುತ್ತವೆ. ಎಲೆ ಅಗಿದಾಗ ಅವು ಹೊರಬಿದ್ದು ಬಾಯಿಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಒಂದೆರಡು ಕುದಿಗೆ ಇದು ಬಗ್ಗುವುದಿಲ್ಲ. ಮಲೆನಾಡಿನಲ್ಲಿ ಕರಕಲಿ ಮಾಡುವಾಗ ಹುಳಿ ಹಾಕಿ ಎಲೆ ಕರಗಿ ಮುದ್ದೆಯಾಗುವವರೆಗೆ ಬೇಯಿಸುತ್ತಾರೆ. ಪತ್ರೊಡೆಗೆ ಹುಳಿ ಹಾಕಿ ರುಬ್ಬಿದ ಹಿಟ್ಟು ಬಳಿದು, ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸುತ್ತಾರೆ. ಅಲ್ಲಿ ಹುಳಿ ಬರೀ ರುಚಿಗೆ ಇರುವುದಲ್ಲ. ನಾನು ಹುಳಿಯನ್ನೇ ಹಾಕಿರಲಿಲ್ಲ.

ಅಷ್ಟೇ ಆಗಿದ್ದರೆ ಅಡುಗೆ ಗೊತ್ತಿರಲಿಲ್ಲ ಎಂದು ಬಿಡಬಹುದಿತ್ತು. ಗೆಳೆಯನ ತಾಯಿ ಆಸ್ಪತ್ರೆಗೆ ಬಂದವರು ಕೇಳಿದ್ದು ಒಂದೇ ಮಾತು: "ಹಳ್ಳದ ಪಕ್ಕದ್ದಾ ಕೊಯ್ದಿದ್ದು?" ಆ ಪೊದೆಯನ್ನು ಅವರ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅದು ಎಷ್ಟು ಬೇಯಿಸಿದರೂ ತುರಿಸುತ್ತದೆ ಎಂದು ಅವರ ಅತ್ತೆಯ ಕಾಲದಿಂದಲೂ ಗೊತ್ತು. ಅಡುಗೆಗೆ ತರುತ್ತಿದ್ದದ್ದು ಬಚ್ಚಲ ನೀರು ಹರಿಯುವ ಕಡೆ ತಾವೇ ನೆಟ್ಟ ಬುಡದಿಂದ, ಅದೂ ಇನ್ನೂ ಬಿಚ್ಚದ ಸುರುಳಿ ಎಲೆ. ಪತ್ರೊಡೆಗಾದರೆ ಮರದ ಮೇಲೆ ಬೆಳೆಯುವ ಮರಕೆಸು. ಹಳ್ಳದ ಕೆಸು, ಬಚ್ಚಲ ಕೆಸು ಎರಡಕ್ಕೂ ಸಸ್ಯಶಾಸ್ತ್ರದಲ್ಲಿ ಒಂದೇ ಹೆಸರು. ಒಂದು ಊಟ, ಇನ್ನೊಂದು ಆಸ್ಪತ್ರೆ. ಯಾವ ಆ್ಯಪ್ ಇದನ್ನು ಹೇಳುತ್ತದೆ ಹೇಳಿ?

ಇನ್ನೂ ಕಾಡುವ ವಿಷಯ ಒಂದಿದೆ. ನಾನು ಎಲೆ ಕೊಯ್ಯುವಾಗ ತೋಟದ ಕೆಲಸದ ಹೆಂಗಸು ಅಲ್ಲೇ ಇದ್ದರು. ನನ್ನನ್ನು ನೋಡಿದರು. ದನಕ್ಕೋ ಗೊಬ್ಬರಕ್ಕೋ ಇರಬೇಕು ಅಂದುಕೊಂಡರಂತೆ. "ಇದನ್ನು ತಿನ್ನಬಹುದಾ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೈಯಲ್ಲಿ ಫೋನಿತ್ತು, ಕೇಳಬೇಕು ಅನಿಸಲೇ ಇಲ್ಲ. ಗೆಳೆಯನ ತಂದೆ ಹುಷಾರಾದರು. ಆದರೆ ಆಮೇಲೆ ಆ ಮನೆಗೆ ಯಾವ ಕೆಸುವೂ ಬರಲಿಲ್ಲ, ಕರಕಲಿ ನಿಂತಿತು. ಮಕ್ಕಳು ಕೆಸು ಅಂದರೆ ವಿಷ ಎಂದುಕೊಂಡೇ ಬೆಳೆದರು. ತಲೆಮಾರುಗಳಿಂದ ಬಂದ ಒಂದು ಅಡುಗೆ ನನ್ನ ಕಾರಣಕ್ಕೆ ಆ ಮನೆಯಲ್ಲಿ ನಿಂತುಹೋಯಿತು. ಇದಕ್ಕೆ ನನ್ನ ಹತ್ತಿರ ಸಮಾಧಾನವಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಿಡದ ಹೆಸರು ತಿಳಿಯುವುದು ಈ ವಿದ್ಯೆಯಲ್ಲಿ ಸಣ್ಣ ಭಾಗ. ಯಾವ ಬುಡದ್ದು, ಎಷ್ಟು ಎಳೆಯದು, ಯಾವ ತಿಂಗಳಿನದು, ಏನು ಹಾಕಿ ಎಷ್ಟು ಬೇಯಿಸಬೇಕು, ಯಾರು ತಿನ್ನಬಾರದು, ಇದೆಲ್ಲ ಅಡುಗೆ ಮಾಡುವವರ ಹತ್ತಿರ ಇದೆ. ಕಳಲೆಯನ್ನೇ, ಅಂದರೆ ಬಿದಿರಿನ ಎಳೆ ಮೊಳಕೆಯನ್ನೇ ನೋಡಿ. ಬಿದಿರನ್ನು ಯಾರೂ ತಪ್ಪು ಗುರುತಿಸುವುದಿಲ್ಲ. ಆದರೆ ಹಸಿ ಕಳಲೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ವಸ್ತು ಇರುತ್ತದೆ. ಹೆಚ್ಚಿ, ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತಾ ಎರಡು ಮೂರು ದಿನ ಇಟ್ಟು ಆಮೇಲೆ ಬೇಯಿಸುವುದು ಅದಕ್ಕೇ.

ಕಾಡಿಗೆ ಹೋಗುವ ಯೋಚನೆಯನ್ನೂ ಬಿಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ಸೊಪ್ಪು ಕಿತ್ತು ತರುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಅಲ್ಲಿ ಬದುಕುವ ಜನರ ಮಾತು ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಿರು ಅರಣ್ಯ ಉತ್ಪನ್ನದ ಸಮುದಾಯ ಹಕ್ಕು ಸಿಕ್ಕಿದ್ದು 2011ರಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ. ಅದು ಅವರು ಕಷ್ಟಪಟ್ಟು ಪಡೆದ ಹಕ್ಕು. ವಾರದ ಕೊನೆಗೆ ಹೋಗುವ ನಾವು ಅಲ್ಲಿ ಕೈ ಹಾಕಬಾರದು.

ನೀವು ಹೋಗಬೇಕಾದದ್ದು ರಾಗಿ ಹೊಲಕ್ಕೆ. ಹೊಸಕೋಟೆ, ಮಾಲೂರು, ಕನಕಪುರ, ಯಾವ ಕಡೆಯಾದರೂ ಸರಿ. ಮಳೆ ಬಿದ್ದು ಕಳೆ ತೆಗೆಯುವ ಹೊತ್ತಿಗೆ ಹೋಗಿ. ನಮಗೆ ಕಳೆ ಅನಿಸುವುದರಲ್ಲಿ ಅಲ್ಲಿನ ಹೆಂಗಸರು ಅಣ್ಣೆ, ಕೊಮ್ಮೆ, ಗೋಣಿ, ಕನ್ನೆ, ಗಣಿಕೆ, ತಗಚೆ ಎಂದು ಆರಿಸಿ ಮಡಿಲು ತುಂಬಿಸಿಕೊಳ್ಳುತ್ತಾರೆ. ಸಂಜೆ ಅದೇ ಬೆರಕೆ ಸೊಪ್ಪಿನ ಸಾರು, ಮುದ್ದೆ. ನಾನು ಎರಡನೇ ಸಲ ಶುರು ಮಾಡಿದ್ದು ಇಲ್ಲಿಂದ, ದೊಡ್ಡಮ್ಮನ ಊರಿನಲ್ಲಿ. ಸಪ್ಪೆ ಸೊಪ್ಪು ಜಾಸ್ತಿ, ಕಹಿ ಸೊಪ್ಪು ಕಮ್ಮಿ, ಎಂದು ಕೈಯಲ್ಲೇ ಅಳತೆ ತೋರಿಸುತ್ತಿದ್ದರು. ಅಣ್ಣೆಸೊಪ್ಪು ಕದಿರು ಬಿಡುವ ಮೊದಲು ಕೀಳಬೇಕು. ಗಣಿಕೆಯ ಕಪ್ಪಾದ ಹಣ್ಣು ತಿನ್ನಬಹುದು, ಹಸಿರು ಕಾಯಿ ಬೇಡವೇ ಬೇಡ. ತಗಚೆಯ ಪ್ರತಿ ಕಡ್ಡಿಯಲ್ಲಿ ಮೂರು ಜೊತೆ ಎಲೆ, ತುದಿ ದುಂಡು. ಎಲೆಯ ತುದಿ ಚೂಪಾಗಿ, ನಾಲ್ಕೈದು ಜೊತೆ ಇದ್ದರೆ ಅದು ದೊಡ್ಡ ತಗಚೆ. ಅದರ ಬೀಜ ಮಕ್ಕಳ ಜೀವ ತೆಗೆದದ್ದಿದೆ. ಸುಮ್ನೆ ನೋಡಿ ಬರಬೇಡಿ, ಜೊತೆಗೆ ಕೂತು ಕಳೆ ತೆಗೆಯಿರಿ. ಹೇಳಿಕೊಟ್ಟವರಿಗೆ ಅರ್ಧ ದಿನದ ಕೂಲಿಯಾದರೂ ಕೊಡಿ. ಅವರ ಹೊತ್ತಿಗೂ ಬೆಲೆ ಇದೆ ಅಲ್ವಾ?

ಹೊಲದವರನ್ನು ಇನ್ನೊಂದು ವಿಷಯ ಕೇಳಲೇಬೇಕು. ಕಳೆನಾಶಕ ಹೊಡೆದಿದ್ದಾರಾ? ಮುಸುಕಿನ ಜೋಳದ ಹೊಲದಲ್ಲಿ ಅಟ್ರಜಿನ್ ಹೊಡೆಯುವುದು ಈಗ ಮಾಮೂಲು. ಹೊಡೆದ ಹೊಲ, ಅದರ ಬದು ಎರಡೂ ಬೇಡ. ಬೆಂಗಳೂರಿನ ಕೊಳಚೆ ತುಂಬಿದ ಕೆರೆಗಳ ಅಂಚಂತೂ ಖಂಡಿತ ಬೇಡ. ಅಲ್ಲಿ ಹೊನಗೊನೆ ಎಂದು ಕೀಳುವುದು ಎಷ್ಟೋ ಸಲ ದಕ್ಷಿಣ ಅಮೆರಿಕದಿಂದ ಬಂದ ಬೇರೆ ಕಳೆ. ಹೊನಗೊನೆಯ ಬಿಳಿ ಹೂ ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತದೆ. ಈ ಕಳೆಯ ಹೂವಿಗೆ ಉದ್ದ ತೊಟ್ಟು, ದಂಟು ಟೊಳ್ಳು.

ಅಣಬೆ, ಗೆಡ್ಡೆ ಎರಡನ್ನೂ ಸದ್ಯಕ್ಕೆ ಮರೆತುಬಿಡಿ. ಕಾಡುಗೆಣಸು ಎಂದುಕೊಂಡು ಗೌರಿ ಹೂವಿನ (ಅಗ್ನಿಶಿಖೆ) ಗೆಡ್ಡೆ ತಿಂದರೆ ಅದರ ಕಾಲ್ಚಿಸಿನ್ ವಿಷ ಜೀವ ತೆಗೆಯಬಲ್ಲದು. ಹೊಸ ಸೊಪ್ಪನ್ನು ಒಂದು ಸಲಕ್ಕೆ ಒಂದೇ, ಬೇಯಿಸಿ, ಸ್ವಲ್ಪವೇ ತಿನ್ನಿ. ಒಂದು ಕಡ್ಡಿ ಹಸಿಯಾಗಿ ಎತ್ತಿಡಿ, ತೊಂದರೆ ಆದರೆ ವೈದ್ಯರಿಗೆ ತೋರಿಸಲು ಬೇಕು. ಕಿಡ್ನಿ ಕಲ್ಲು ಇರುವವರು ಗೋಣಿಸೊಪ್ಪಿನಿಂದ ದೂರ ಇರಲಿ, ಅದರಲ್ಲಿ ಆಕ್ಸಲೇಟ್ ಜಾಸ್ತಿ.

ಆ್ಯಪ್ ತೆಗೆದುಹಾಕಿ ಎನ್ನುವುದಿಲ್ಲ. ಹೊಲದ ಹೆಂಗಸರು ಹೇಳಿದ ಹೆಸರನ್ನು ಮನೆಗೆ ಬಂದು ತಾಳೆ ನೋಡಲು ಯಾವ ಆ್ಯಪ್ ಆದರೂ ನಡೆಯುತ್ತದೆ. ತಿನ್ನಬಹುದೋ ಇಲ್ಲವೋ ಎಂದು ಮಾತ್ರ ಅದನ್ನು ಕೇಳಬೇಡಿ.

ಈ ವಾರವೇ ಏನಾದರೂ ಮಾಡಬೇಕು ಅನಿಸಿದರೆ ಸೊಪ್ಪಿನವರ ಹತ್ತಿರ ಒಂದು ಕಟ್ಟು ಹೊನಗೊನೆ ತನ್ನಿ. ಎಳೆ ತುದಿ ಪಲ್ಯಕ್ಕೆ, ಈರುಳ್ಳಿ, ಒಣಮೆಣಸು, ಕಾಯಿತುರಿ ಸಾಕು. ಬಲಿತ ದಂಟನ್ನು ಗಿಣ್ಣು ಮಣ್ಣಿನೊಳಗೆ ಹೋಗುವ ಹಾಗೆ ಕುಂಡದಲ್ಲಿ ಊರಿ, ನೀರು ಹಾಕಿ. ಬೇಗ ಬೇರು ಬಿಡುತ್ತದೆ. ಚಿಗುರು, ಹೂ, ಬಲಿತ ಎಲೆ ಎಲ್ಲವನ್ನೂ ಮನೆಯಲ್ಲೇ ನೋಡಿ. ಮುಂದಿನ ಮಳೆಗೆ ಹೊಲಕ್ಕೆ ಹೋಗುವಾಗ ಒಂದು ಸೊಪ್ಪಾದರೂ ಗೊತ್ತಿರುತ್ತದೆ.