ಅವ್ವನಿಗೆ ಆದಾಯ ಇರಲಿಲ್ಲವೇ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಹಳ್ಳಿ. ಮೂರು ತಿಂಗಳ ಹಿಂದೆ ಲಾರಿ ಹಾಯ್ದು ನಮ್ಮವ್ವ ತೀರಿಕೊಂಡರು. ವಯಸ್ಸು 47. ಹಾಸಿಗೆ ಹಿಡಿದ ಅಜ್ಜಿಯ ಆರೈಕೆ, ಎಮ್ಮೆಗಳ ಹಾಲು, ಮನೆಗೆಲಸ ಎಲ್ಲ ಅವರದೇ. ಹಂಗಾಮಿನಲ್ಲಿ ತೊಗರಿ ಹೊಲದ ಕಳೆ ತೆಗೆಯಲೂ ಹೋಗುತ್ತಿದ್ದರು. ‘ಆಕೆಗೆ ಆದಾಯವೇ ಇರಲಿಲ್ಲ, ಕೊಟ್ಟಷ್ಟು ತೆಗೆದುಕೊಳ್ಳಿ’ ಎನ್ನುತ್ತಿದೆ ವಿಮಾ ಕಂಪನಿ. ಒಪ್ಪಬೇಕೇ?

ಉತ್ತರ: ಒಪ್ಪಬೇಡಿ ತಂಗಿ, ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಕೂಲಿ ಸಿಗದ ಕೆಲಸ ದುಡಿಮೆಯಲ್ಲ ಎಂಬ ಅನ್ಯಾಯದ ಲೆಕ್ಕವನ್ನು ಸರ್ಕಾರವೇ ಬರೆದಿಟ್ಟಿತ್ತು. 2001ರ ಜನಗಣತಿ ಮನೆವಾರ್ತೆಯ ಹೆಂಗಸರನ್ನು ಭಿಕ್ಷುಕರು, ಕೈದಿಗಳೊಂದಿಗೆ ದುಡಿಯದವರ ಸಾಲಿಗೆ ಸೇರಿಸಿತು. ಇದನ್ನು 2010ರಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಕಟುವಾಗಿ ಆಕ್ಷೇಪಿಸಿದರು. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಪರಿಹಾರ ಲೆಕ್ಕದ ಕೋಷ್ಟಕವಂತೂ ಸಂಪಾದನೆಯಿಲ್ಲದ ಪತ್ನಿಯ ಆದಾಯವನ್ನು ಗಂಡನ ಗಳಿಕೆಯ ಮೂರನೇ ಒಂದು ಭಾಗವೆಂದು ಹಿಡಿಯಿತು. ಗಂಡ ಕೂಲಿಕಾರನಾದರೆ ಅವಳ ಬೆಲೆಯೂ ಕುಸಿಯಿತು. ಬಡವರ ಮನೆಯಲ್ಲಿ ಹೆಣ್ಣಿನ ದುಡಿಮೆ ಹೆಚ್ಚೇ ಇರುತ್ತದೆಂಬುದು ಆ ಕೋಷ್ಟಕಕ್ಕೆ ಕಾಣಲಿಲ್ಲ.

ಕೋರ್ಟುಗಳು ನಿಧಾನವಾಗಿ ತಿದ್ದಿಕೊಂಡವು. ಜಮ್‌ಶೆಡ್‌ಪುರದ 1989ರ ಬೆಂಕಿ ದುರಂತದ ಲತಾ ವಾಧ್ವಾ ಪ್ರಕರಣದಲ್ಲಿ (2001) 34ರಿಂದ 59 ವಯಸ್ಸಿನ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಅಂದಾಜಿಸಲಾಯಿತು. ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ತೀರ್ಮಾನಿಸಿದ ‘ಕೀರ್ತಿ’ ಎಂಬ ಪ್ರಕರಣ ನಿಮಗೆ ಮುಖ್ಯ. ಗೃಹಿಣಿಗೂ ಅಂದಾಜು ಆದಾಯ ಹಿಡಿಯಬೇಕು, ಮುಂದೆ ಹೆಚ್ಚಬಹುದಾದ ಗಳಿಕೆಯನ್ನೂ ಕೂಡಿಸಬೇಕು ಎಂದಿತು ಆ ತೀರ್ಪು. ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂಬ 2019ರ ಸಮೀಕ್ಷೆಯನ್ನು ನ್ಯಾಯಮೂರ್ತಿ ರಮಣ ಅದರಲ್ಲಿ ಉಲ್ಲೇಖಿಸಿದ್ದಾರೆ. 47ರ ವಯಸ್ಸಿಗೆ ಅಂದಾಜು ಆದಾಯದ ಮೇಲೆ ಶೇ 25 ಹೆಚ್ಚುವರಿ ಸೇರಿಸಿ, ವಾರ್ಷಿಕ ಮೊತ್ತದಲ್ಲಿ ಅವ್ವನ ಸ್ವಂತ ಖರ್ಚು ಕಳೆದು, ಉಳಿದದ್ದನ್ನು ಆ ವಯಸ್ಸಿಗೆ ಗೊತ್ತುಮಾಡಿರುವ 13ರಿಂದ ಗುಣಿಸುತ್ತಾರೆ.

ಇನ್ನೊಂದು ಮಾತು: ನಿಮ್ಮವ್ವ ಬರೀ ಗೃಹಿಣಿಯಾಗಿರಲಿಲ್ಲ. ಹಾಲಿನ ಡೇರಿಯ ಪುಸ್ತಕ, ಉದ್ಯೋಗ ಖಾತ್ರಿ ಜಾಬ್ ಕಾರ್ಡ್, ಸ್ವಸಹಾಯ ಸಂಘದ ಪಾಸ್‌ಬುಕ್ ಇದ್ದರೆ ಹುಡುಕಿಡಿ. ಕಳೆಗೆ ಕರೆಯುತ್ತಿದ್ದ ಹೊಲದವರಿಂದ ಸಾಕ್ಷಿ ಹೇಳಿಸಿ. ಅಜ್ಜಿಯನ್ನು ನೋಡಿಕೊಳ್ಳಲು ಈಗ ಆಳು ಇಟ್ಟಿದ್ದರೆ, ಅಥವಾ ನೀವೇ ಕೆಲಸ, ಕಾಲೇಜು ಬಿಟ್ಟಿದ್ದರೆ ಅದನ್ನೂ ವಕೀಲರಿಗೆ ಹೇಳಿ. ಅವ್ವ ಮಾಡುತ್ತಿದ್ದ ಕೆಲಸಕ್ಕೆ ಅದಕ್ಕಿಂತ ನೇರವಾದ ಪುರಾವೆ ಇಲ್ಲ.

ಅಪಘಾತವಾದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುವುದು ಕ್ಷೇಮ. ವಕೀಲರ ಶುಲ್ಕದ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ. ಈ ವಾರವೇ ಹೋಗಿ ಬನ್ನಿ.