ಹಾರ್ಲೆಮ್‌ನ ಕಲೆಗೂ ಉತ್ತರದ ವಲಸೆಗೂ ಇರುವ ನಂಟು

ಅಮೆರಿಕದ ಕಪ್ಪು ಜನರು ದಕ್ಷಿಣದಿಂದ ಉತ್ತರಕ್ಕೆ ವಲಸೆ ಹೋದದ್ದಕ್ಕೂ ನ್ಯೂಯಾರ್ಕ್ ನಗರದ ಬಡಾವಣೆಯಾದ ಹಾರ್ಲೆಮ್‌ನಲ್ಲಿ ಕಲೆ, ಸಾಹಿತ್ಯ, ಸಂಗೀತ ಅರಳಿದ್ದಕ್ಕೂ ನಿಜವಾದ ಸಂಬಂಧವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ಆದರೆ ಉತ್ತರದಲ್ಲಿ ಸ್ವಾತಂತ್ರ್ಯ ಸಿಕ್ಕಿದ್ದರಿಂದ ಕಲೆ ಹುಟ್ಟಿತು ಎಂಬ ವಿವರಣೆಯನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ.

1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಮಂದಿ ದಕ್ಷಿಣದ ರಾಜ್ಯಗಳನ್ನು ಬಿಟ್ಟರು. ಗುಂಪು ಸೇರಿ ಕೊಲ್ಲುವವರ ಭಯ, ಕೋರಿಗೆ ಮಾಡಿದ ಬೇಸಾಯದಲ್ಲಿ ವರ್ಷವರ್ಷವೂ ತೀರದೆ ಉಳಿಯುತ್ತಿದ್ದ ಸಾಲ, ಹತ್ತಿಗೆ ಬಿದ್ದ ಮೂತಿಹುಳು ಇವು ಹಿಂದಿನಿಂದ ನೂಕಿದರೆ, ಮೊದಲನೆಯ ಮಹಾಯುದ್ಧದಿಂದಾಗಿ ಯುರೋಪಿನ ಕೂಲಿಕಾರರು ಬಾರದೆ ಆಳುಗಳಿಲ್ಲದಂತಾಗಿದ್ದ ಉತ್ತರದ ಕಾರ್ಖಾನೆಗಳು ಮುಂದಿನಿಂದ ಕರೆದವು. ಉತ್ತರಕ್ಕೆ ಬನ್ನಿ ಎಂದು ಕರೆಯುತ್ತಿದ್ದ ಕಪ್ಪು ಜನರ ‘ಷಿಕಾಗೊ ಡಿಫೆಂಡರ್’ ಪತ್ರಿಕೆಯನ್ನು ರೈಲಿನ ಕಪ್ಪು ನೌಕರರು ದಕ್ಷಿಣದ ಊರುಗಳಿಗೆ ಮುಟ್ಟಿಸುತ್ತಿದ್ದರು. ಓದು ಬಾರದವರಿಗೆ ಓದಬಲ್ಲವರು ಓದಿ ಹೇಳುತ್ತಿದ್ದರು.

ಹೋದಲ್ಲಿ ಸ್ವರ್ಗವೇನೂ ಕಾದಿರಲಿಲ್ಲ. 1919ರ ಷಿಕಾಗೊ ಗಲಭೆಯಲ್ಲಿ 38 ಜನ ಸತ್ತರು. ಹಾರ್ಲೆಮ್‌ನಲ್ಲಿ ಕಪ್ಪು ಜನರಿಂದ ಮನೆಮಾಲೀಕರು ಹೆಚ್ಚು ಬಾಡಿಗೆ ವಸೂಲು ಮಾಡುತ್ತಿದ್ದರು. ನನ್ನ ವಾದ ಇಲ್ಲಿಂದಲೇ ಶುರುವಾಗುತ್ತದೆ: ತಿಂಗಳ ಬಾಡಿಗೆ ಹೊಂದಿಸಲಾಗದವರು ಮನೆಯಲ್ಲೇ ಶನಿವಾರ ರಾತ್ರಿಯ ಕೂಟ ಏರ್ಪಡಿಸಿ, ಬಂದವರಿಂದ ಚಿಲ್ಲರೆ ಕಾಸು ಪಡೆದು, ಹುರಿದ ಮೀನು ಬಡಿಸಿ, ಪಿಯಾನೊ ನುಡಿಸುವವರನ್ನು ಕರೆಸುತ್ತಿದ್ದರು. ಎಡಗೈ ಕೆಳಗಿನ ಸ್ವರಕ್ಕೂ ನಡುವಿನ ಸ್ವರಗುಚ್ಛಕ್ಕೂ ನೆಗೆಯುತ್ತಾ ತಾಳ ಹಿಡಿಯುವಾಗ ಬಲಗೈ ರಾಗ ಬೆಳೆಸುವ ‘ಸ್ಟ್ರೈಡ್’ ಶೈಲಿಯಲ್ಲಿ ಒಂದೇ ಪಿಯಾನೊ ಇಡೀ ವಾದ್ಯಮೇಳದ ಕೆಲಸ ಮಾಡುತ್ತಿತ್ತು. ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್ ಅಂಥವರು ಇಂಥ ಕೂಟಗಳಲ್ಲಿ ನುಡಿಸಿದವರು. ಇತ್ತ ಹಾರ್ಲೆಮ್‌ನ ಹೆಸರಾಂತ ನೈಟ್‌ಕ್ಲಬ್ ಕಾಟನ್ ಕ್ಲಬ್‌ನಲ್ಲಿ ಕಲಾವಿದರು ಕಪ್ಪು ಜನ, ಪ್ರೇಕ್ಷಕರು ಮಾತ್ರ ಬಿಳಿಯರು. ವಲಸೆ ತಂದುಕೊಟ್ಟದ್ದು ಸ್ವಾತಂತ್ರ್ಯಕ್ಕಿಂತ ಹೆಚ್ಚಾಗಿ ಒತ್ತೊತ್ತಾಗಿ ಬದುಕುವ, ಕಾಸು ಕೊಟ್ಟು ಕೇಳುವ, ಪತ್ರಿಕೆ ಕೊಂಡು ಓದುವ ತಮ್ಮದೇ ಜನರನ್ನು ಎಂದು ನನಗೆ ತೋರುತ್ತದೆ.

ಆ ಜನರ ನಡುವೆ ಬೆಳೆದವನೇ ಚಿತ್ರಕಾರ ಜೇಕಬ್ ಲಾರೆನ್ಸ್. ತಂದೆ ತಾಯಿ ದಕ್ಷಿಣದಿಂದ ಬಂದವರು. ತಾನು 13ನೆಯ ವಯಸ್ಸಿನಲ್ಲಿ ಹಾರ್ಲೆಮ್ ಸೇರಿದ ಹುಡುಗ. 135ನೇ ಬೀದಿಯ ಗ್ರಂಥಾಲಯದಲ್ಲಿ ಕುಳಿತು ಓದಿ, ಈ ವಲಸೆಯ ಕಥೆಯನ್ನು 60 ಪುಟ್ಟ ಹಲಗೆಗಳಲ್ಲಿ ಚಿತ್ರಗಳಾಗಿ ಬರೆದು 1941ರಲ್ಲಿ ಮುಗಿಸಿದಾಗ ಅವನಿಗೆ 23. ಒಂದೊಂದೇ ಚಿತ್ರ ಮುಗಿಸುವ ಬದಲು ಎಲ್ಲ ಹಲಗೆಗಳನ್ನೂ ಸಾಲಾಗಿ ಹರಡಿಕೊಂಡು, ಒಂದು ಬಣ್ಣವನ್ನು ಅದು ಬೇಕಾದ ಎಲ್ಲ ಕಡೆಯೂ ಹಚ್ಚಿ, ಆಮೇಲೆ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿದ್ದ. ಆದ್ದರಿಂದಲೇ ಮೊದಲಿನಿಂದ ಕೊನೆಯವರೆಗೆ ಬಣ್ಣದ ಛಾಯೆ ಬದಲಾಗುವುದಿಲ್ಲ. ಮೊದಲ ಚಿತ್ರದಲ್ಲಿ ಷಿಕಾಗೊ, ನ್ಯೂಯಾರ್ಕ್, ಸೇಂಟ್ ಲೂಯಿಸ್ ಎಂಬ ಮೂರು ಫಲಕಗಳ ಕೆಳಗೆ ಜನ ನುಗ್ಗುತ್ತಿದ್ದಾರೆ. ಕೊನೆಯದರಲ್ಲಿ ಹಳಿಗಳಾಚೆ ಮತ್ತೆ ಅಷ್ಟೇ ಜನ ರೈಲಿಗೆ ಕಾದು ನಿಂತಿದ್ದಾರೆ. ಬೆಸ ಸಂಖ್ಯೆಯವು ವಾಷಿಂಗ್ಟನ್‌ನ ಫಿಲಿಪ್ಸ್ ಸಂಗ್ರಹಕ್ಕೂ ಸಮ ಸಂಖ್ಯೆಯವು ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯಕ್ಕೂ ಹಂಚಿಹೋಗಿರುವುದರಿಂದ, ಹೊರಟ ಜನ ಒಂದು ಊರಿನಲ್ಲೂ ಇನ್ನೂ ಕಾಯುತ್ತಿರುವವರು ಇನ್ನೊಂದು ಊರಿನಲ್ಲೂ ಉಳಿದಿದ್ದಾರೆ.