ಧರ್ಮಕೇಂದ್ರದ (ಚರ್ಚಿನ) ಗದ್ದಲ ಬಿಟ್ಟು ತಪಸ್ಸು ಕಾಲವನ್ನು ಮನೆಯಲ್ಲೇ ಮೌನವಾಗಿ ಆಚರಿಸಬಹುದೇ?

ಆಚರಿಸಬಹುದು. ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ಈ ತಪಸ್ಸು ಕಾಲವನ್ನು ನಾನು 2019ರಲ್ಲಿ ಹಾಗೆಯೇ ಆಚರಿಸಿದ್ದೇನೆ. ಯೇಸುವಿನ ಕೊನೆಯ ಪಯಣವನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ಧ್ಯಾನಿಸುವ ಶಿಲುಬೆ ಹಾದಿಯ ನೂಕುನುಗ್ಗಲು, ಧ್ಯಾನಕೂಟದ ಧ್ವನಿವರ್ಧಕ, ಕಾಣಿಕೆಯ ಪ್ರಕಟಣೆ ಇವುಗಳ ನಡುವೆ ಅಂತರಂಗಕ್ಕೆ ಜಾಗವೆಲ್ಲಿ ಎಂದು ಕೇಳಿದ್ದೀರಲ್ಲ, ಆ ಸಾಲನ್ನು ಓದಿದಾಗ ನನ್ನ ಹಳೆಯ ನೋಟ್‌ಬುಕ್ಕನ್ನು ಯಾರೋ ಕದ್ದು ಓದಿದ್ದಾರೆ ಅನ್ನಿಸಿತು. ಹೆಚ್ಚೂಕಡಿಮೆ ಅದೇ ಮಾತು ನನ್ನ ಕೈಬರಹದಲ್ಲಿ ಅದರ ಮೊದಲ ಪುಟದಲ್ಲಿದೆ.

ಆಗ ನಾನು ನಮ್ಮ ಧರ್ಮಕೇಂದ್ರದಲ್ಲಿ ವಾಚಕನಾಗಿದ್ದೆ. ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮುಖ್ಯ ಆರಾಧನೆಯಲ್ಲಿ, ಬೈಬಲಿನ ಪಾಠ ಓದುವವನು. ವರ್ಷವಿಡೀ ಚರ್ಚಿನ ಒಂದಿಲ್ಲೊಂದು ಕೆಲಸದಲ್ಲಿ ಓಡಾಡಿ ದಣಿದಿದ್ದೆ. ಆ ವರ್ಷ ಮಾರ್ಚ್ 6ರಂದು, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಬಂತು. ಹಣೆಗೆ ಬೂದಿ ಹಚ್ಚಿಸಿಕೊಂಡು ಮನೆಗೆ ಬಂದವನು ತೀರ್ಮಾನಿಸಿದೆ: ಈ ಬಾರಿ ಶುಕ್ರವಾರದ ಶಿಲುಬೆ ಹಾದಿ ಬೇಡ, ಧ್ಯಾನಕೂಟ ಬೇಡ. ಪ್ರತಿದಿನ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಮೌನ. ಮೊಬೈಲ್ ಬಂದ್. ಆ ದಿನದ ವಾಚನಗಳನ್ನು ಓದುವುದು, ಆತ್ಮಶೋಧನೆ ಮಾಡಿಕೊಳ್ಳುವುದು, ಕಂಡದ್ದನ್ನು ಬರೆದಿಡುವುದು. ಈಸ್ಟರ್‌ವರೆಗೆ ಒಂದು ದಿನವೂ ತಪ್ಪಬಾರದು, ಭಾನುವಾರಕ್ಕೂ ವಿನಾಯಿತಿ ಇಲ್ಲ.

ಇದನ್ನು ಯಾರಿಗೂ ಹೇಳಲಿಲ್ಲ. ಏಕೆಂದರೆ ವಿಭೂತಿ ಬುಧವಾರ ಚರ್ಚಿನಲ್ಲಿ ಓದುವ ಶುಭಸಂದೇಶವೇ (ಯೇಸುವಿನ ಜೀವನ, ಬೋಧನೆ ಹೇಳುವ ಬೈಬಲ್ ಭಾಗ) ಮತ್ತಾಯನ ಆರನೆಯ ಅಧ್ಯಾಯ. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು, ಪ್ರಾರ್ಥಿಸುವಾಗ ಕೋಣೆಯ ಬಾಗಿಲು ಹಾಕಿಕೊಳ್ಳಬೇಕು, ಉಪವಾಸ ಮಾಡುವುದು ಜನರಿಗೆ ಕಾಣಬಾರದು. ಎಷ್ಟೋ ವರ್ಷ ಕೇಳಿದ ಪಾಠ. ಆ ಸಲ ಅದನ್ನು ಅಕ್ಷರಶಃ ಪಾಲಿಸುತ್ತಿದ್ದೇನೆ ಎಂಬ ಹೆಮ್ಮೆ ನನಗೆ. ಹೆಂಡತಿಗೆ ಕೂಡ 'ಸ್ವಲ್ಪ ಓದುವುದಿದೆ' ಎಂದಷ್ಟೇ ಹೇಳಿ ಸುಮ್ಮನಾದೆ.

ಇನ್ನು ನನ್ನ ತಮ್ಮನ ವಿಷಯ. ಅಪ್ಪ ತೀರಿಕೊಂಡ ಮೇಲೆ ಅವರ ಚಿಕಿತ್ಸೆಯ ಖರ್ಚಿನ ಲೆಕ್ಕದಲ್ಲಿ ನಮ್ಮಿಬ್ಬರಿಗೂ ಮಾತು ಬೆಳೆದಿತ್ತು. ಯಾರು ಎಷ್ಟು ಕೊಟ್ಟರು, ಯಾರು ಎಷ್ಟು ದಿನ ಆಸ್ಪತ್ರೆಯಲ್ಲಿ ಮಲಗಿದರು ಎಂಬ, ಎಲ್ಲ ಮನೆಗಳಲ್ಲೂ ನಡೆಯುವ ಜಗಳ. ಎರಡು ವರ್ಷ ಅಗತ್ಯಕ್ಕಷ್ಟೇ ಮಾತು. ಅವನಿರುವುದು ಬೇರೆ ಧರ್ಮಕೇಂದ್ರದಲ್ಲಿ, ಆದ್ದರಿಂದ ಭಾನುವಾರವೂ ಮುಖ ನೋಡುವ ಪ್ರಸಂಗವಿರಲಿಲ್ಲ.

ಮಾರ್ಚ್ 31, ತಪಸ್ಸು ಕಾಲದ ನಾಲ್ಕನೆಯ ಭಾನುವಾರ. ಗುರುಗಳು (ಪಾದ್ರಿಗಳು) ನೇರಳೆಯ ಬದಲು ಗುಲಾಬಿ ಬಣ್ಣದ ವಸ್ತ್ರ ತೊಡಬಹುದಾದ, ಬಲಿಪೀಠವನ್ನು ಹೂವಿನಿಂದ ಅಲಂಕರಿಸಲು ಅನುಮತಿ ಇರುವ, 'ಹರ್ಷಿಸಿರಿ' ಎಂಬ ಕರೆಯೊಂದಿಗೆ ಪ್ರಾರಂಭವಾಗುವ ಭಾನುವಾರ. ಆ ವರ್ಷದ ಶುಭಸಂದೇಶ ದುಂದುಗಾರ ಮಗನ ಸಾಮತಿ: ಆಸ್ತಿ ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಅಪ್ಪಿಕೊಂಡ, ಅಣ್ಣ ಮುನಿಸಿಕೊಂಡ ನೀತಿಕಥೆ. ಎರಡನೆಯ ವಾಚನ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಿಂದ, ದೇವರೊಡನೆ ರಾಜಿಯಾಗಿ ಎಂದು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುವ ಭಾಗ. ಅದನ್ನು ಓದಿದವನು ನಾನೇ. ಚೆನ್ನಾಗಿ ಓದಿದೆ ಎಂದು ಹೊರಗೆ ಇಬ್ಬರು ಮೆಚ್ಚಿಕೊಂಡರು.

ಅದೇ ಸಂಜೆ ಏಳು ಗಂಟೆಗೆ ತಮ್ಮ ನಮ್ಮ ಮನೆಗೆ ಬಂದ. ಫೋನ್ ಮಾಡಿ ನೋಡಿದ್ದನಂತೆ, ಅದು ಬಂದ್ ಇತ್ತು. ಬಾಗಿಲಲ್ಲಿ ನಿಂತು, "ಅಣ್ಣಾ, ಒಂದು ವಿಷಯ ಮಾತನಾಡಬೇಕಿತ್ತು" ಎಂದ. ನಾನು ಪುಸ್ತಕದಿಂದ ತಲೆ ಎತ್ತಿ, ಕುಳಿತುಕೋ ಎಂದು ಕೈಸನ್ನೆ ಮಾಡಿ, ಅದೇ ಕೈಯನ್ನು ಅಡ್ಡ ಹಿಡಿದು 'ಈಗಲ್ಲ' ಎಂದು ತೋರಿಸಿ ಮತ್ತೆ ಓದಲು ತೊಡಗಿದೆ. ಅವನು ಇಪ್ಪತ್ತು ನಿಮಿಷ ಕುಳಿತ. ಹೆಂಡತಿ ಏನೋ ಕೇಳಿದಳು, ಅವನೂ ಏನೋ ಉತ್ತರಿಸಿದ. ಆಮೇಲೆ ಎದ್ದು ಹೋದ. ಹೋಗುವಾಗ ಮತ್ತೊಮ್ಮೆ "ಅಣ್ಣಾ" ಎಂದನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಆ ರಾತ್ರಿ ಬರೆದ ಸಾಲು: 'ಇಂದು ದೊಡ್ಡ ಪ್ರಲೋಭನೆ ಬಂದಿತ್ತು. ಮೌನ ಮುರಿಯಲಿಲ್ಲ. ದೇವರಿಗೆ ಸ್ತೋತ್ರ.'

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಪಡಬೇಡಿ, ಏಕೆಂದರೆ ಇದನ್ನು ಕೇಳಿದವರೆಲ್ಲ ತಪ್ಪಾದ ಜಾಗದಲ್ಲಿ ಬೆರಳಿಡುತ್ತಾರೆ. ಮೌನವೇ ತಪ್ಪು ಅನ್ನುತ್ತಾರೆ ಕೆಲವರು. ಅಲ್ಲ. ಎರಡು ಗಂಟೆ ಮೌನವಾಗಿದ್ದರೆ ಯಾರಿಗೂ ನಷ್ಟವಿಲ್ಲ. ತಮ್ಮ ಬಂದಾಗ ಮೌನ ಮುರಿಯಬೇಕಿತ್ತು ಅನ್ನುತ್ತಾರೆ ಇನ್ನು ಕೆಲವರು. ಮುರಿಯಬೇಕಿತ್ತು, ಒಪ್ಪಿದೆ, ಆದರೆ ಮುರಿಯದೆಯೂ ಕೆಲಸ ಕೆಡದಂತೆ ನೋಡಿಕೊಳ್ಳಬಹುದಿತ್ತು. ನಾನು ಎಡವಿದ್ದು ಗುಟ್ಟಿನಲ್ಲಿ. ಮೂರೂವರೆ ವಾರದ ಹಿಂದೆಯೇ ಮನೆಯಲ್ಲಿ 'ತಪಸ್ಸು ಕಾಲ ಮುಗಿಯುವವರೆಗೆ ಸಂಜೆ ಎರಡು ಗಂಟೆ ನಾನು ಮಾತನಾಡುವುದಿಲ್ಲ' ಎಂದು ಹೇಳಿದ್ದರೆ, ಹೆಂಡತಿ ತಮ್ಮನಿಗೆ "ಅವರದು ವ್ರತ, ಎಂಟೂವರೆಗೆ ಏಳುತ್ತಾರೆ, ಇರಿ" ಎಂದು ಹೇಳಿ ಕೂರಿಸಿರುತ್ತಿದ್ದಳು. ಒಂದೇ ವಾಕ್ಯದ ಕೆಲಸ. ಆ ವಾಕ್ಯ ಅವಳ ಬಳಿ ಇರಲಿಲ್ಲ. ಎರಡು ವರ್ಷದಿಂದ ಮುನಿಸಿಕೊಂಡಿರುವ ಅಣ್ಣ ಕೈ ಅಡ್ಡ ಹಿಡಿದರೆ, ಅದನ್ನು ವ್ರತ ಎಂದು ಓದಿಕೊಳ್ಳುವ ತಮ್ಮ ಯಾವ ಲೋಕದಲ್ಲಿದ್ದಾನೆ?

ಇದಕ್ಕೆ ಆಧಾರ ಮಾಡಿಕೊಂಡ ವಚನವನ್ನಾದರೂ ಪೂರ್ತಿ ಓದಿದ್ದೆನೇ? ಯೇಸುಸ್ವಾಮಿ ಉಪವಾಸವನ್ನು ಮರೆಮಾಡು ಎಂದು ಹೇಳಿ ನಿಲ್ಲಿಸುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ ಅನ್ನುತ್ತಾರೆ. ಅಂದರೆ ನಿನ್ನ ಉಪವಾಸದ ಭಾರ ಎದುರಿಗಿರುವವನ ಮೇಲೆ ಬೀಳಬಾರದು, ಅವನಿಗೆ ಕಾಣಬೇಕಾದದ್ದು ನಗುಮುಖ. ನಾನು ಗುಟ್ಟನ್ನು ಇಟ್ಟುಕೊಂಡು ಎಣ್ಣೆಯನ್ನು ಬಿಟ್ಟೆ. ಮುಖ ಗಂಟು ಹಾಕಿಕೊಂಡು ಗುಟ್ಟು ಕಾಪಾಡಿದರೆ ನೋಡುವವರಿಗೆ ಸಿಗುವುದು ಗಂಟುಮುಖ ಮಾತ್ರ. ಅದೂ ಭಾನುವಾರ! ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಅದರಲ್ಲಿ ಆರು ಭಾನುವಾರಗಳನ್ನು ಕಳೆದಾಗಲೇ ನಲವತ್ತು. ಭಾನುವಾರ ಪುನರುತ್ಥಾನದ ದಿನ, ಕಥೋಲಿಕ ಧರ್ಮಸಭೆ ಅಂದು ಯಾರ ಮೇಲೂ ಉಪವಾಸ ಹೇರಿದ್ದಿಲ್ಲ. ಅಂದಿನ ನನ್ನ ವ್ರತವನ್ನು ಕೇಳಿದವರೇ ಇರಲಿಲ್ಲ.

ಈಸ್ಟರ್ ಹಿಂದಿನ ಪವಿತ್ರ ವಾರದ ಮಂಗಳವಾರ ಗುರುಗಳ ಬಳಿ ಪಾಪನಿವೇದನೆಗೆ ಹೋದೆ. ಬಾಗಿಲವರೆಗೆ ಸಾಲು. ನೋಟ್‌ಬುಕ್ಕಿನಿಂದ ಆರಿಸಿದ ಹತ್ತು ಪಾಪಗಳನ್ನು ಅಚ್ಚುಕಟ್ಟಾಗಿ ಒಪ್ಪಿಸಿದೆ: ಪ್ರಾರ್ಥನೆಯಲ್ಲಿ ಅನ್ಯಮನಸ್ಕತೆ, ಕಚೇರಿಯಲ್ಲಿ ಅಸಹನೆ, ಇಂಥವು. ತಮ್ಮನ ವಿಷಯ ಆ ಪಟ್ಟಿಯಲ್ಲಿ ಇರಲಿಲ್ಲ, ಅದು ಗೆಲುವಿನ ಪುಟದಲ್ಲಿತ್ತು.

ಈಸ್ಟರ್ ಕಳೆದ ವಾರ ಸಂಬಂಧಿಕರೊಬ್ಬರು ಫೋನಿನಲ್ಲಿ ಮಾತಿನ ನಡುವೆ ಅಂದರು, "ನಿನ್ನ ತಮ್ಮನ ಮಗಳ ದೀಕ್ಷಾಸ್ನಾನಕ್ಕೆ ನೀನೇಕೆ ಬರಲಿಲ್ಲ?" ಅಂದು ಅವನು ಬಂದದ್ದು ಅದಕ್ಕೆ. ಈಸ್ಟರ್ ದಿನ ಮಗುವಿನ ದೀಕ್ಷಾಸ್ನಾನ (ಮಗುವನ್ನು ಕ್ರೈಸ್ತ ಸಭೆಗೆ ಸೇರಿಸುವ ವಿಧಿ), ಅವಳ ನಂಬಿಕೆಗೆ ಹೊಣೆಯಾಗುವ ಧರ್ಮತಂದೆಯಾಗಿ ನಿಲ್ಲುತ್ತೀಯಾ ಎಂದು ಕೇಳಲು ಬಂದಿದ್ದ. ನಾನು ಕೈ ಅಡ್ಡ ಹಿಡಿದೆ, ಅವನು ಮರುದಿನ ಸ್ನೇಹಿತನೊಬ್ಬನನ್ನು ಕೇಳಿದ. ಧರ್ಮಸಭೆಯ ಕಾನೂನಿನ ಪ್ರಕಾರ ಒಬ್ಬ ಧರ್ಮತಂದೆ, ಒಬ್ಬ ಧರ್ಮಮಾತೆ, ಅದಕ್ಕಿಂತ ಹೆಚ್ಚಿಲ್ಲ. ದಾಖಲೆ ಪುಸ್ತಕದಲ್ಲಿ ಬರೆದ ಹೆಸರನ್ನು ಅಣ್ಣನಿಗೆ ಬುದ್ಧಿ ಬಂತೆಂದು ಯಾರೂ ತಿದ್ದುವುದಿಲ್ಲ.

ಆಮೇಲೆ ಗುರುಗಳ ಬಳಿ ಹೋದೆ, ಸಾಲಿಲ್ಲದ ಒಂದು ಸಾಮಾನ್ಯ ದಿನ. ನೋಟ್‌ಬುಕ್ಕಿನ ಆ ಸಾಲನ್ನೂ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಮೌನದಲ್ಲಿದ್ದೀರಿ ಎಂದು ಅವರಿಗೆ ಗೊತ್ತಿತ್ತೇ?" ಪ್ರಾಯಶ್ಚಿತ್ತವಾಗಿ ಜಪ ಹೇಳಲು ತಿಳಿಸಲಿಲ್ಲ, ತಮ್ಮನ ಮನೆಗೆ ಹೋಗಿ ಎಂದರು. ಹೋದೆ. ಸಿನಿಮಾದಲ್ಲಿ ಆಗುವ ಹಾಗೆ ಅಪ್ಪಿಕೊಳ್ಳಲಿಲ್ಲ. "ಇನ್ನೂ ಸಿಟ್ಟಿನಲ್ಲಿದ್ದೀಯ ಎಂದುಕೊಂಡೆ" ಎಂದ. ಅಲ್ಲ, ಪ್ರಾರ್ಥನೆ ಮಾಡುತ್ತಿದ್ದೆ ಎಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಸಿಟ್ಟಾಗಿದ್ದರೇ ವಾಸಿಯಿತ್ತು" ಎಂದ. ನಂಟು ಪೂರ್ತಿ ಸರಿಹೋಗಲು ಮೂರು ವರ್ಷ ಹಿಡಿಯಿತು.

ಈಗ ನಿಮ್ಮ ಪ್ರಶ್ನೆ. ಧರ್ಮಕೇಂದ್ರ ಒಂದು ಕಡೆ, ಅಂತರಂಗ ಇನ್ನೊಂದು ಕಡೆ ಎಂದು ಮೊದಲೇ ಎರಡು ತಕ್ಕಡಿ ಇಟ್ಟುಕೊಂಡು ಕೇಳುತ್ತಿದ್ದೀರಿ. ನಾನು ಆ ತಕ್ಕಡಿಯನ್ನೇ ಒಪ್ಪುವುದಿಲ್ಲ. ಈ ನಲವತ್ತು ದಿನಗಳ ಉಲ್ಲೇಖ ಕ್ರಿ.ಶ. 325ರಲ್ಲಿ ಧರ್ಮಾಧ್ಯಕ್ಷರು ಸೇರಿದ ನೈಸಿಯಾ ಮಹಾಸಭೆಯ ನಿಯಮಗಳಲ್ಲೇ ಸಿಗುತ್ತದೆ. ಮೊದಲ ಶತಮಾನಗಳಲ್ಲಿ ಈ ಕಾಲ ಬೆಳೆದದ್ದು ಪಾಸ್ಖ ಜಾಗರಣೆಯಲ್ಲಿ (ಈಸ್ಟರ್ ಹಿಂದಿನ ರಾತ್ರಿಯ ಆರಾಧನೆ) ದೀಕ್ಷಾಸ್ನಾನ ಪಡೆಯುವವರ ಸಿದ್ಧತೆಯಾಗಿ, ಘೋರ ಪಾಪ ಮಾಡಿ ಹೊರಗುಳಿದವರು ಮರಳಿ ಬರುವ ದಾರಿಯಾಗಿ. ಎರಡೂ ಎಲ್ಲರ ಕಣ್ಣೆದುರಿಗೇ ನಡೆಯುತ್ತಿದ್ದವು. ಇಂದಿಗೂ ದೀಕ್ಷಾರ್ಥಿಗಳಿರುವ ಧರ್ಮಕೇಂದ್ರಗಳಲ್ಲಿ ಮೂರು, ನಾಲ್ಕು, ಐದನೆಯ ಭಾನುವಾರ ಅವರ ಶೋಧನಾ ವಿಧಿ ನಡೆಯುತ್ತದೆ. ಆತ್ಮಶೋಧನೆಯೇ ಅದು, ಆದರೆ ನಡೆಯುವುದು ಸಭೆಯ ಮಧ್ಯೆ, ಎಲ್ಲರ ಪ್ರಾರ್ಥನೆಯೊಂದಿಗೆ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನವೂ, ತಪಸ್ಸು ಕಾಲದ ಪ್ರಾಯಶ್ಚಿತ್ತ ಅಂತರಂಗದ್ದೂ ವೈಯಕ್ತಿಕವೂ ಆಗಿದ್ದರೆ ಸಾಲದು, ಬಹಿರಂಗವೂ ಸಾಮುದಾಯಿಕವೂ ಆಗಿರಬೇಕು ಅನ್ನುತ್ತದೆ. ವಾಚಕರ ತರಬೇತಿಯಲ್ಲಿ ಈ ಮಾತು ನನ್ನ ಕಿವಿಗೂ ಬಿದ್ದಿತ್ತು.

ಧರ್ಮಕೇಂದ್ರದ ಗದ್ದಲ ನಿಜವಾಗಿಯೂ ಗದ್ದಲವೇ, ಅದನ್ನು ಅಲ್ಲಗಳೆಯುವುದಿಲ್ಲ. ಧ್ಯಾನಕೂಟದ ಹೆಸರಿನಲ್ಲಿ ಮೂರು ಗಂಟೆ ಕಿರುಚುವವರಿಗೆ ನನ್ನ ಹಾಜರಿ ಇಂದಿಗೂ ಇಲ್ಲ. ಆದರೆ ಶುಕ್ರವಾರದ ಶಿಲುಬೆ ಹಾದಿಯನ್ನು ಬಿಡಬೇಡಿ. ಅಲ್ಲಿ ನಿಮ್ಮ ಪಕ್ಕದಲ್ಲಿ ಮಂಡಿಯೂರುವವರಲ್ಲಿ ನಿಮಗೆ ಆಗದವರೂ ಇರುತ್ತಾರೆ, ಮನೆಯ ಕೋಣೆಯಲ್ಲಿ ಅಂಥವರು ಸಿಗುವುದಿಲ್ಲ. ಮೌನವೂ ಬೇಕೆನ್ನಿಸಿದರೆ ಇಟ್ಟುಕೊಳ್ಳಿ, ಆದರೆ ಮನೆಯವರಿಗೆ ಹೇಳಿಯೇ ಇಟ್ಟುಕೊಳ್ಳಿ. ಹೇಳಿದರೆ ಜಂಬವಾಗುತ್ತದೆ ಎಂಬ ಭಯವಿದ್ದರೆ ಸ್ವಲ್ಪ ಜಂಬವೇ ಆಗಲಿ, ಅದನ್ನು ಪಾಪನಿವೇದನೆಯಲ್ಲಿ ಹೇಳಿ ಮುಗಿಸಬಹುದು. ಪಾಪನಿವೇದನೆಗೆ ಎರಡನೆಯ ವಾರದಲ್ಲೇ ಹೋಗಿ, ಪವಿತ್ರ ವಾರದಲ್ಲಿ ಗುರುಗಳಿಗೂ ಪುರಸೊತ್ತಿಲ್ಲ, ನಿಮ್ಮ ಹಿಂದೆ ನಿಂತವರಿಗೂ ತಾಳ್ಮೆಯಿಲ್ಲ. ಮೊದಲೇ ಹೋದರೆ, ಅಲ್ಲಿ ಕಣ್ಣಿಗೆ ಬಿದ್ದದ್ದನ್ನು ಸರಿಪಡಿಸಲು ಇನ್ನೂ ನಾಲ್ಕು ವಾರ ಉಳಿದಿರುತ್ತವೆ. ಯಾವುದನ್ನು ತ್ಯಜಿಸಬೇಕು, ಎಷ್ಟು ಉಪವಾಸ ಎಂಬ ಲೆಕ್ಕಾಚಾರ ನನಗೆ ಮುಖ್ಯವಲ್ಲ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಇವೆರಡೇ ಕಡ್ಡಾಯ ಉಪವಾಸದ ದಿನಗಳು. ಉಳಿದ ದಿನಗಳ ಉಪವಾಸ ನಿಮಗೆ ಬಿಟ್ಟದ್ದು. ನೋಟ್‌ಬುಕ್ ಇಡುವುದಾದರೆ ವಾರಕ್ಕೊಮ್ಮೆ ಒಬ್ಬರಿಗಾದರೂ ತೋರಿಸಿ. ನನ್ನ ಆ ಸಾಲನ್ನು ಹೆಂಡತಿ ಅಂದೇ ಓದಿದ್ದರೆ ತಮ್ಮನನ್ನು ಬೀದಿಯ ತಿರುವಿನಲ್ಲೇ ಕೂಗಿ ಕರೆಯುತ್ತಿದ್ದಳು.

ನೀವು ಬಯಸುವ ಏಕಾಂತದ ತಪಸ್ಸು ಕಾಲವನ್ನು 2020 ನಮಗೆಲ್ಲ ಬಿಟ್ಟಿಯಾಗಿ ಕೊಟ್ಟಿತು. ಕೊರೊನಾದಿಂದ ಚರ್ಚಿನ ಬಾಗಿಲು ಮುಚ್ಚಿತು, ಈಸ್ಟರ್ ಹಿಂದಿನ ಗರಿಗಳ ಭಾನುವಾರ ಪರದೆಯ ಮೇಲೆ ಕಳೆಯಿತು. ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ಖಾಲಿ ಸಂತ ಪೇತ್ರರ ಚೌಕದಲ್ಲಿ ನಿಂತು ಪ್ರಾರ್ಥಿಸಿದ್ದನ್ನು ನೋಡುತ್ತ, ಗದ್ದಲವೆಂದು ದೂರುತ್ತಿದ್ದ ಆ ಧ್ವನಿವರ್ಧಕವನ್ನು ನೆನೆಸಿಕೊಂಡು ನನಗೆ ಅಳು ಬಂತು. ಸರಿಯಾಗಿ ಎರಡು ವರ್ಷದ ಮೇಲೆ, 2022ರ ಮಾರ್ಚ್ 27ರಂದು, ಮೂರು ವರ್ಷದ ವಾಚನಚಕ್ರ ಒಂದು ಸುತ್ತು ಮುಗಿಸಿ ಅದೇ ಭಾನುವಾರಕ್ಕೆ ಬಂತು. ಅದೇ ದುಂದುಗಾರ ಮಗ, ಅದೇ ಪೌಲನ ಪತ್ರ. ಓದುವ ಸರದಿ ಮತ್ತೆ ನನ್ನದು. ತಪ್ಪಿಸಿಕೊಳ್ಳಲು ನೋಡಿದೆ, ಬದಲಿಗೆ ಯಾರೂ ಸಿಗಲಿಲ್ಲ. ತಡವರಿಸಿಕೊಂಡು ಓದಿದೆ. ಮೂರನೆಯ ಸಾಲಿನಲ್ಲಿ ನನ್ನ ತಮ್ಮ ತನ್ನ ಹೆಂಡತಿ ಮಗಳೊಂದಿಗೆ ಕುಳಿತಿದ್ದ. ಅವನನ್ನು ನಾನು ಕರೆದಿರಲಿಲ್ಲ. ನನ್ನ ಹೆಂಡತಿ ಕರೆದಿದ್ದಳು.

ಈಗ ತಪಸ್ಸು ಕಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ಆ ಹುಡುಗಿ ನಮ್ಮ ಮನೆಗೆ ಬಂದು ನನ್ನ ಜೊತೆ ಶಿಲುಬೆ ಹಾದಿಗೆ ಹೊರಡುತ್ತಾಳೆ. ಕಳೆದ ಸಲ ಒಂಬತ್ತನೆಯ ಸ್ಥಳದಲ್ಲಿ, ಯೇಸು ಮೂರನೆಯ ಬಾರಿ ಬೀಳುವಲ್ಲಿ, ಗುರುಗಳು ಮೌನ ಧ್ಯಾನಕ್ಕೆಂದು ನಿಲ್ಲಿಸಿದ್ದರು. ಇಡೀ ಚರ್ಚು ಸದ್ದಿಲ್ಲದೆ ನಿಂತಿತ್ತು. ಅವಳು ನನ್ನ ತೋಳು ಜಗ್ಗಿ, ಎಲ್ಲರಿಗೂ ಕೇಳುವಂತೆ, "ದೊಡ್ಡಪ್ಪ, ಇನ್ನೆಷ್ಟಿವೆ?" ಎಂದಳು.

"ಐದು" ಎಂದೆ, ನಾನೂ ಜೋರಾಗಿಯೇ.